ಮನೆಯ ಯಂತ್ರಗಳು: ಮೂಕವಾದ ವೀಡಿಯೊ ರೆಕಾರ್ಡರು

ದೀಪಾವಳಿಗೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸುವುದು ನಮ್ಮಲ್ಲಿ ಹಳೆಯ ವಾಡಿಕೆ. ಆ ಸಡಗರದಲ್ಲಿ, ವರ್ಷಗಟ್ಟಲೆ ಮೂಲೆಯಲ್ಲಿ ಅಲುಗದೆ ಕುಳಿತಿದ್ದ ಸಾಮಾನುಗಳೂ ಜಾಗ ಬಿಡಬೇಕಾಗುತ್ತದೆ. ನಮಗೆ ಪರಿಚಿತರಾದ ವೃದ್ಧ ಗೃಹಸ್ಥರೊಬ್ಬರ ಮನೆಯಲ್ಲಿ ಹೀಗೆ ಜಾಗ ಬಿಟ್ಟವುಗಳಲ್ಲಿ ಒಂದು ಹಳೆಯ ವೀಡಿಯೊ ರೆಕಾರ್ಡರೂ ಇದ್ದಿತು. ಅದರ ಪ್ಲಗ್ಗನ್ನು ಕಿತ್ತು, ಮೇಲೊಂದು ಪಂಚೆಯನ್ನು ಹೊದಿಸಿ, ಮೂರು ದಿನ ನಡುಮನೆಯಲ್ಲಿ ಇಟ್ಟಿದ್ದರು. ನಾಲ್ಕನೆಯ ದಿನ ಅದನ್ನು ಮೊದಲಿನ ಸ್ಥಳದಲ್ಲಿಟ್ಟು ಸ್ವಿಚ್ಚು ಒತ್ತಿದರೆ ಯಂತ್ರವು ಪಿಟ್ಟೆನ್ನಲಿಲ್ಲ. ಮುಖದ ಮೇಲಿನ ಗಡಿಯಾರದ ಹಸಿರು ಅಂಕೆಗಳು ಮೂಡಲಿಲ್ಲ. ಯಾವ ಗುಂಡಿಯನ್ನು ಒತ್ತಿದರೂ ಉತ್ತರವಿಲ್ಲ.

ಬಣ್ಣದವರು ಕೆಡವಿರಬೇಕೆಂದು ಮಗನೂ, ಹುಡುಗರು ನೀರು ಚೆಲ್ಲಿರಬೇಕೆಂದು ಸೊಸೆಯೂ ಊಹಿಸಿದರು. ಯಜಮಾನರಿಗಾದರೋ ಯಂತ್ರಕ್ಕಿಂತ ಅದರ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಟೇಪಿನದೇ ಚಿಂತೆ. ಅದು 1991ನೆಯ ಇಸವಿಯಲ್ಲಿ ನಡೆದ ಮಗಳ ಮದುವೆಯ ಟೇಪು. ಮದುಮಗಳನ್ನು ಕಳುಹಿಸಿಕೊಡುವಾಗ ತಾಯಿ ಹೇಳಿದ ನಾಲ್ಕು ಮಾತುಗಳು ಅದರಲ್ಲಿ ಇದ್ದವು. ಆ ತಾಯಿ ಈಗ ಇಲ್ಲ. ಆಕೆಯ ಧ್ವನಿ ಬೇರೆಲ್ಲಿಯೂ ಉಳಿದಿಲ್ಲ.

"ತಾತಾ, ಒಂದು ಸ್ಕ್ರೂಡ್ರೈವರು ಕೊಡಿ. ಮೀಟಿ ತೆಗೆದುಬಿಡುತ್ತೇನೆ" ಎಂದು ಮೊಮ್ಮಗನು ಮುಂದೆ ಬಂದನು.

"ಬೇಡ ಮಗು, ಅದರೊಳಗೆ ನಿನ್ನ ಅಜ್ಜಿ ಇದ್ದಾಳೆ" ಎಂದರು ಯಜಮಾನರು.

ಈ ಸಂಗತಿಯು ನಮ್ಮ ಕಿವಿಗೆ ಬಿದ್ದಂದಿನಿಂದ ಈ ವಿಷಯವನ್ನು ಕುರಿತು ಬರೆಯಬೇಕೆಂದಿದ್ದೆವು. ಇಂತಹ ಯಂತ್ರಗಳು ಇನ್ನೂ ಎಷ್ಟೋ ಮನೆಗಳ ಅಟ್ಟದ ಮೇಲೆ ಇವೆ. ಕೆಟ್ಟುದನ್ನು ಎಸೆದು ಹೊಸತನ್ನು ತರೋಣವೆಂದರೆ ಹೊಸತು ದೊರೆಯುವುದಿಲ್ಲ. ವಿ.ಎಚ್.ಎಸ್. ಬಗೆಯ ಮೊದಲ ಯಂತ್ರವನ್ನು ಜಪಾನಿನ ಜೆ.ವಿ.ಸಿ. ಸಂಸ್ಥೆಯು 1976ರಲ್ಲಿ ಮಾರಾಟಕ್ಕೆ ತಂದಿತು. ಅದೇ ದೇಶದ ಫುನಾಯಿ ಸಂಸ್ಥೆಯು 2016ರ ಜುಲೈ ತಿಂಗಳಿನಲ್ಲಿ ತಯಾರಿಕೆಯನ್ನು ನಿಲ್ಲಿಸುವುದರೊಡನೆ ಆ ನಲವತ್ತು ವರ್ಷಗಳ ಕಥೆ ಮುಗಿಯಿತು. ಆದಕಾರಣ ಇರುವ ಯಂತ್ರವನ್ನು ಉಳಿಸಿಕೊಳ್ಳುವುದೇ ಜಾಣತನ. ಹೀಗೆ ಒಮ್ಮೆಗೇ ಮೂಕವಾದ ಯಂತ್ರವು ಅನೇಕ ವೇಳೆ ಸತ್ತಿರುವುದಿಲ್ಲ. ಅದಕ್ಕೆ ಅನ್ನವಿಕ್ಕುವ ಭಾಗ ಮಾತ್ರ ಏಳಲಾರದೆ ಬಿದ್ದಿರುತ್ತದೆ. ಇದನ್ನು ಮನಗಾಣಿಸುವುದೇ ಈ ಲೇಖನದ ಉದ್ದೇಶ.

ಮೊದಲು ಮುಚ್ಚಳವನ್ನು ಬಿಚ್ಚದೆಯೇ ನೋಡತಕ್ಕ ಸಂಗತಿಗಳನ್ನು ಹೇಳುತ್ತೇವೆ. ಗೋಡೆಯ ಸಾಕೆಟ್ಟಿಗೆ ಒಂದು ಮೇಜಿನ ದೀಪವನ್ನು ಸಿಕ್ಕಿಸಿ ಅಲ್ಲಿ ವಿದ್ಯುತ್ತು ಇದೆಯೆ ಎಂಬುದನ್ನು ಪರೀಕ್ಷಿಸಬೇಕು. ಯಂತ್ರದ ತಂತಿಯನ್ನು ಇಲಿ ಕಡಿದಿದೆಯೆ, ಹಿಂದುಗಡೆ ಸಡಿಲವಾಗಿದೆಯೆ ಎಂದು, ಪ್ಲಗ್ಗು ಕಿತ್ತ ಮೇಲೆ, ಉದ್ದಕ್ಕೂ ನೋಡಬೇಕು. ಇಂತಿಷ್ಟು ಗಂಟೆಗೆ ತಾನಾಗಿ ಮುದ್ರಿಸಿಕೊಳ್ಳುವಂತೆ ಮಾಡುವ 'ಟೈಮರ್' ಎಂಬ ಗುಂಡಿ ಅನೇಕ ಯಂತ್ರಗಳಲ್ಲಿ ಉಂಟು. ಅದು ಒತ್ತಿಹೋಗಿದ್ದರೆ ಗಡಿಯಾರದ ಗುರುತೊಂದು ಬೆಳಗುತ್ತಿರುವುದೇ ಹೊರತು ಉಳಿದ ಗುಂಡಿಗಳು ಕೆಲಸಮಾಡವು. ಕೊಲ್ಲಿ ದೇಶಗಳಿಂದಲೋ ಅಮೆರಿಕದಿಂದಲೋ ಬಂಧುಗಳು ತಂದುಕೊಟ್ಟ ಯಂತ್ರವಾದರೆ, ಅದರ ಬೆನ್ನಿನ ಮೇಲೆ ಎಷ್ಟು ವೋಲ್ಟೆಂದು ಬರೆದಿದೆ ಎಂಬುದನ್ನು ಅವಶ್ಯವಾಗಿ ಓದಬೇಕು. 110 ಅಥವಾ 120 ವೋಲ್ಟಿಗೆಂದು ಮಾಡಿದುದನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಸೇರಿಸಿದರೆ ಅದು ಉಳಿಯದು.

ಇನ್ನೊಂದು ಮಾತು. ಮುಖದ ಅಂಕೆಗಳು ಕತ್ತಲಾದ ಮಾತ್ರಕ್ಕೆ ಯಂತ್ರವೆಲ್ಲವೂ ಸತ್ತಿತೆಂದು ತಿಳಿಯಕೂಡದು. ಆ ಹಸಿರು ಬೆಳಕಿನ ಗಾಜಿನ ಫಲಕಕ್ಕೆ ಬೇಕಾಗುವ ವಿದ್ಯುತ್ತೇ ಬೇರೆ, ಮೋಟಾರುಗಳಿಗೆ ಬೇಕಾಗುವುದೇ ಬೇರೆ. ಬೇರೊಂದು ಹಳೆಯ, ಬೆಲೆಯಿಲ್ಲದ ಕ್ಯಾಸೆಟ್ಟನ್ನು ಬಾಯಿಗೆ ಹಿಡಿದಾಗ ಯಂತ್ರವು ಅದನ್ನು ಒಳಕ್ಕೆ ಎಳೆದುಕೊಂಡರೆ ರೋಗವು ಮುಖದಲ್ಲಿ ಮಾತ್ರ ಇದೆ ಎಂದರ್ಥ. ಬೆಳಕೂ ಇಲ್ಲ, ಎಳೆತವೂ ಇಲ್ಲ, ಸದ್ದೂ ಇಲ್ಲ ಎಂದಾದಾಗಲೇ ವಿದ್ಯುತ್ತನ್ನು ಹದಮಾಡಿ ಒದಗಿಸುವ ಭಾಗದ ಮೇಲೆ ಸಂದೇಹಪಡಬೇಕು. ಇದನ್ನು ರಿಪೇರಿಯವರು 'ಪವರ್ ಸಪ್ಲೈ' ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಈ ಪವರ್ ಸಪ್ಲೈ ಮಾಡುವ ಕೆಲಸವೇನು? ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತು ಯಂತ್ರದ ಸೂಕ್ಷ್ಮ ಭಾಗಗಳಿಗೆ ವಿಷಪ್ರಾಯವಾದುದು. ಯಂತ್ರದ ಬುದ್ಧಿಯ ಭಾಗಕ್ಕೆ 5 ವೋಲ್ಟು ಸಾಕು. ಮೋಟಾರುಗಳಿಗೆ ಸುಮಾರು 12 ವೋಲ್ಟು ಬೇಕು. ಟೆಲಿವಿಷನ್ ಕೇಂದ್ರವನ್ನು ಹುಡುಕುವ ಭಾಗಕ್ಕೆ ಸುಮಾರು 33 ವೋಲ್ಟು. ಒಂದೇ ಒಲೆಯ ಮೇಲೆ ಮಗುವಿಗೆ ಗಂಜಿಯನ್ನೂ ದೊಡ್ಡವರಿಗೆ ಅನ್ನವನ್ನೂ ಬೇಯಿಸಿ ಬಡಿಸುವ ಗೃಹಿಣಿಯಂತೆ, ಈ ಭಾಗವು ಒಂದೇ ವಿದ್ಯುತ್ತನ್ನು ಬೇರೆಬೇರೆ ಹದಕ್ಕೆ ತಂದು ಹಂಚುತ್ತದೆ.

ಹಂಚುವ ರೀತಿಯಲ್ಲಿ ಎರಡು ಬಗೆಗಳುಂಟು. 1980ರ ಸುಮಾರಿನ ಯಂತ್ರಗಳಲ್ಲಿ ಕಬ್ಬಿಣದ ತಗಡುಗಳ ಭಾರವಾದ ಟ್ರಾನ್ಸ್‌ಫಾರ್ಮರೊಂದು ಇರುತ್ತಿತ್ತು. ಕೈಯಲ್ಲಿ ಎತ್ತಿದಾಗ ಒಂದು ಪಕ್ಕಕ್ಕೆ ತೂಕವಾಗಿ ವಾಲುವ ಯಂತ್ರವು ಸಾಮಾನ್ಯವಾಗಿ ಈ ಬಗೆಯದು. ಅನಂತರ ಬಂದವುಗಳಲ್ಲಿ ಹಗುರವಾದ ಇನ್ನೊಂದು ಏರ್ಪಾಡು ಬಳಕೆಗೆ ಬಂದಿತು. ನಮ್ಮ ಕಥೆಯ ಯಂತ್ರವು ಈ ಎರಡನೆಯ ಬಗೆಯದಾದುದರಿಂದ ಅದನ್ನೇ ವಿಸ್ತಾರವಾಗಿ ವಿವರಿಸುತ್ತೇವೆ.

ಗೋಡೆಯ ವಿದ್ಯುತ್ತು ಒಂದು ಸೆಕೆಂಡಿಗೆ 50 ಆವರ್ತಿ ಹಿಂದುಮುಂದಾಗಿ ತೂಗಾಡುವಂತಹುದು. ನಾಲ್ಕು ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಹೀಗೆ ತಿರುಗಿದ ವಿದ್ಯುತ್ತು ಹೆಬ್ಬೆರಳಿನಷ್ಟು ದಪ್ಪನಾದ ಒಂದು ಡಬ್ಬಿಯಲ್ಲಿ ತುಂಬಿ ನಿಲ್ಲುತ್ತದೆ. ಈ ಡಬ್ಬಿಗೆ ಕೆಪಾಸಿಟರೆಂದು ಹೆಸರು. ಹಳಬರು ಕಂಡೆನ್ಸರೆನ್ನುವುದೂ ಇದನ್ನೇ. ಅಲ್ಲಿ ನಿಂತಾಗ ಅದರ ಒತ್ತಡವು 230 ಅಲ್ಲ, ಸುಮಾರು 325 ವೋಲ್ಟು. ಒಂದು ಟ್ರಾನ್ಸಿಸ್ಟರು ಇದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕತ್ತರಿಸಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಆ ಟ್ರಾನ್ಸ್‌ಫಾರ್ಮರಿನ ಮತ್ತೊಂದು ಮಗ್ಗುಲಿನಿಂದ 5, 12, 33 ಎಂಬ ಕಿರಿಯ ಒತ್ತಡಗಳು ಹೊರಬರುತ್ತವೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಕತ್ತರಿಸುವ ಕೆಲಸವನ್ನು ನಡೆಯಿಸಲು ಆ ಟ್ರಾನ್ಸಿಸ್ಟರಿನ ಕಡೆಗೂ ಸ್ವಲ್ಪ ವಿದ್ಯುತ್ತು ಬೇಕಷ್ಟೆ? ಯಂತ್ರವು ಓಡುತ್ತಿರುವಾಗ ಅದು ಪುಟ್ಟ ಟ್ರಾನ್ಸ್‌ಫಾರ್ಮರಿನ ಒಂದು ಸುತ್ತಿನಿಂದಲೇ ಬರುತ್ತದೆ. ಎಂದರೆ ದುಡಿಯುವವನು ತನ್ನ ದುಡಿಮೆಯಿಂದಲೇ ಉಣ್ಣುತ್ತಾನೆ. ಆದರೆ ಮೊದಲನೆಯ ತುತ್ತು? ಅದಕ್ಕಾಗಿ ಒಂದು ದೊಡ್ಡ ಮೌಲ್ಯದ ರೆಸಿಸ್ಟರು 325 ವೋಲ್ಟಿನಿಂದ ತೊಟ್ಟುತೊಟ್ಟಾಗಿ ವಿದ್ಯುತ್ತನ್ನು ಇಳಿಸಿ ಕಿರುಬೆರಳಿನ ತುದಿಯಷ್ಟಿರುವ ಒಂದು ಚಿಕ್ಕ ಕೆಪಾಸಿಟರಿನಲ್ಲಿ ತುಂಬುತ್ತದೆ. ಅದು ತುಂಬಿದೊಡನೆ ಕೆಲಸ ಆರಂಭವಾಗುತ್ತದೆ. ಅನೇಕ ಯಂತ್ರಗಳು ಏಳುವುದು ಈ ಚಿಕ್ಕ ಡಬ್ಬಿಯ ಬಲದಿಂದ.

ಡಬ್ಬಿಯೊಳಗೆ ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ತೊಯ್ದ ಕಾಗದವಿರುತ್ತದೆ. ಬಿಸಿ ತಗುಲಿದಷ್ಟೂ ಈ ದ್ರವವು ಆರುತ್ತ ಬರುವುದು. ಶಾಖವು 10 ಡಿಗ್ರಿ ಇಳಿದರೆ ಆಯುಸ್ಸು ಇಮ್ಮಡಿಯಾಗುವುದೆಂಬುದು ಇದನ್ನು ಬಲ್ಲವರ ಲೆಕ್ಕಾಚಾರ. 105 ಡಿಗ್ರಿಯಲ್ಲಿ 2000 ಗಂಟೆ ಬಾಳತಕ್ಕದ್ದೆಂದು ಹೇಳಿದ ಡಬ್ಬಿಯು 65 ಡಿಗ್ರಿಯಲ್ಲಿ 32,000 ಗಂಟೆ, ಎಂದರೆ ಎಡೆಬಿಡದೆ ಓಡಿದರೆ ಮೂರೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಬಾಳೀತು. ನಾವು ಗುಂಡಿಯೊತ್ತಿ ಆರಿಸಿದರೂ ಗಡಿಯಾರವು ಓಡುತ್ತಲೇ ಇರುವ ಯಂತ್ರವಿದು. ಪ್ಲಗ್ಗು ಸಿಕ್ಕಿರುವವರೆಗೆ ಅದರ ಪವರ್ ಸಪ್ಲೈಗೆ ಹಗಲಿರುಳೂ ಬಿಡುವಿಲ್ಲ. ಬಿಸಿಯಾದ ಭಾಗಗಳ ಮಗ್ಗುಲಲ್ಲಿ ಕುಳಿತ ಚಿಕ್ಕ ಡಬ್ಬಿಯು ಹೀಗೆ ವರ್ಷಗಟ್ಟಲೆ ಒಣಗುತ್ತದೆ.

ಒಣಗಿದರೂ ಓಡುತ್ತಿರುವ ತನಕ ಅದು ಹೊರಗೆ ತಿಳಿಯದು. ಏಕೆಂದರೆ ಓಡುವುದಕ್ಕಿಂತ ಏಳುವುದಕ್ಕೆ ಹೆಚ್ಚು ಬಲ ಬೇಕು. ಒಂದು ದಿನ ಯಾರೋ ಪ್ಲಗ್ಗನ್ನು ಕೀಳುತ್ತಾರೆ, ಯಂತ್ರವು ತಣ್ಣಗಾಗುತ್ತದೆ, ಮತ್ತೆ ಸೇರಿಸಿದಾಗ ಮೊದಲನೆಯ ತುತ್ತನ್ನು ಕೊಡುವ ಶಕ್ತಿ ಆ ಡಬ್ಬಿಗಿಲ್ಲ. ಸುಣ್ಣಬಣ್ಣದ ಬಳಿಕವೋ, ಊರಿಗೆ ಹೋಗಿ ಬಂದ ಮೇಲೋ, ದೀರ್ಘಕಾಲ ವಿದ್ಯುತ್ತು ನಿಂತುಹೋದ ಅನಂತರವೋ ಯಂತ್ರವು ಏಳದೆಹೋಯಿತೆಂದು ಜನರು ಹೇಳುವುದಕ್ಕೆ ಕಾರಣವಿದು. ಬಣ್ಣದವರದೂ ತಪ್ಪಲ್ಲ, ಮಕ್ಕಳದೂ ತಪ್ಪಲ್ಲ. ಚಳಿಯ ಬೆಳಗಿನಲ್ಲಿ ಏಳದೆ ಸೆಕೆಯ ಮಧ್ಯಾಹ್ನದಲ್ಲಿ ಎದ್ದುದಾದರೆ ಸಂದೇಹವು ಇನ್ನಷ್ಟು ಬಲವಾಗುತ್ತದೆ; ಬೆಚ್ಚಗಾದಾಗ ಇಂತಹ ಡಬ್ಬಿಗೆ ಸ್ವಲ್ಪ ಚೇತನ ಬರುವುದುಂಟು.

ಇಷ್ಟು ಓದಿದ ವಾಚಕರಲ್ಲಿ ಕೆಲವರಿಗೆ ತಾವೇ ಮುಚ್ಚಳ ತೆಗೆಯೋಣವೆನ್ನಿಸೀತು. ಅವರನ್ನು ಇಲ್ಲಿಯೇ ತಡೆಯುವುದು ನಮ್ಮ ಕರ್ತವ್ಯ. ಮೇಲೆ ಹೇಳಿದ ದೊಡ್ಡ ಡಬ್ಬಿಯು ಪ್ಲಗ್ಗನ್ನು ಕಿತ್ತ ಮೇಲೆಯೂ 325 ವೋಲ್ಟನ್ನು ಹಿಡಿದುಕೊಂಡಿರಬಲ್ಲುದು. ಸರಿಯಾಗಿ ಓಡುತ್ತಿದ್ದ ಯಂತ್ರವಾದರೆ ಆ ಶೇಷವನ್ನು ತಾನೇ ಬೇಗ ಖರ್ಚುಮಾಡಿಬಿಡುತ್ತದೆ. ಏಳದೆ ಬಿದ್ದಿರುವ ಯಂತ್ರದಲ್ಲಿ ಅದನ್ನು ಖರ್ಚುಮಾಡುವವರೇ ಇಲ್ಲ. ಮೊದಲ ತುತ್ತನ್ನು ಇಳಿಸುವ ರೆಸಿಸ್ಟರೂ ಕಡಿದುಹೋಗಿದ್ದರಂತೂ ಅದು ಬಹಳ ಹೊತ್ತು ಹಾಗೆಯೇ ನಿಂತಿರುವುದು. ಓಡುವ ಯಂತ್ರಕ್ಕಿಂತ ಸತ್ತಂತಿರುವ ಯಂತ್ರವೇ ಕೈಗೆ ಹೆಚ್ಚು ಅಪಾಯಕರವೆಂಬುದನ್ನು ಯಾರೂ ಮರೆಯಕೂಡದು. ಸ್ಕ್ರೂಡ್ರೈವರನ್ನು ಅಡ್ಡವಿಟ್ಟು ಕಿಡಿ ಹಾರಿಸಿ ಬರಿದುಮಾಡುವುದೂ ತರವಲ್ಲ. ಬಲ್ಲವರು ಅದನ್ನು ತಕ್ಕ ರೆಸಿಸ್ಟರಿನ ಮೂಲಕ ನಿಧಾನವಾಗಿ ಇಳಿಸಿ, ಮೀಟರಿನಿಂದ ಅಳೆದು, ಆಮೇಲೆ ಕೈಯಿಡುತ್ತಾರೆ. ಈ ಕೆಲಸವನ್ನು ಕಲಿಯದವರು ಮುಚ್ಚಳದ ಹೊರಗೇ ಇರುವುದು ಒಳ್ಳಿತು.

ಹಾಗಾದರೆ ಗೃಹಸ್ಥರು ಇದನ್ನೆಲ್ಲ ತಿಳಿದೇನು ಪ್ರಯೋಜನವೆಂದರೆ, ಬಲ್ಲ ರಿಪೇರಿಯವನನ್ನು ಆರಿಸಿಕೊಳ್ಳುವುದಕ್ಕೂ ಅವನೊಡನೆ ತಿಳಿದು ಮಾತನಾಡುವುದಕ್ಕೂ ಪ್ರಯೋಜನವುಂಟು. ಬಲ್ಲವನು ಪರೀಕ್ಷಿಸುವ ಕ್ರಮ ಹೀಗಿರುತ್ತದೆ.

ಮೊದಲು ಅವನು ಫ್ಯೂಸನ್ನು ನೋಡುತ್ತಾನೆ. ಅದರ ಗಾಜಿನೊಳಗೆ ಕಪ್ಪಗೆ ಹೊಗೆ ಹಿಡಿದಿದ್ದರೆ ಒಳಗೆ ಡಯೋಡೋ ಕತ್ತರಿಸುವ ಟ್ರಾನ್ಸಿಸ್ಟರೋ ಸುಟ್ಟು ಒಂದಾಗಿರುವ ಸಂಭವ ಹೆಚ್ಚು. ಆಗ ಫ್ಯೂಸನ್ನು ಮಾತ್ರ ಬದಲಾಯಿಸಿದರೆ ಅದೂ ಸುಡುವುದು. ಫ್ಯೂಸಿಗೆ ಬದಲಾಗಿ ತಾಮ್ರದ ತಂತಿಯನ್ನು ಸುತ್ತಿಕೊಡುವವನು ರಿಪೇರಿಯವನಲ್ಲ, ಮನೆಗೆ ಬೆಂಕಿಯಿಡುವವನು. ದುರಸ್ತಿಯ ಬಳಿಕ ಮೊದಲ ಸಲ ವಿದ್ಯುತ್ತು ಕೊಡುವಾಗ ಅನುಭವಸ್ಥನು ತಂತಿಯುರಿಯುವ ಹಳೆಯ ಬಗೆಯ ಬಲ್ಬೊಂದನ್ನು ದಾರಿಯಲ್ಲಿ ಸೇರಿಸುತ್ತಾನೆ. ಇದಕ್ಕೆ ಅಂಗಡಿಗಳಲ್ಲಿ 'ಸೀರೀಸ್ ಲ್ಯಾಂಪ್' ಎಂದು ಹೆಸರು. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಕ್ಷೇಮ. ಪ್ರಕಾಶವಾಗಿ ಉರಿಯುತ್ತಲೇ ಇದ್ದರೆ ಒಳಗೆ ಇನ್ನೂ ಶಾರ್ಟು ಉಳಿದಿದೆಯೆಂದು ತಿಳಿಯಬೇಕು.

ಫ್ಯೂಸು ಸರಿಯಾಗಿದ್ದು, ದೊಡ್ಡ ಡಬ್ಬಿಯಲ್ಲಿ 325 ವೋಲ್ಟೂ ಇದ್ದು, ಆಚೆಯ ಮಗ್ಗುಲಿನಲ್ಲಿ ಏನೂ ಇಲ್ಲವಾದರೆ, ಅವನ ದೃಷ್ಟಿಯು ಮೊದಲ ತುತ್ತಿನ ರೆಸಿಸ್ಟರಿನ ಮೇಲೂ ಚಿಕ್ಕ ಡಬ್ಬಿಯ ಮೇಲೂ ಬೀಳುತ್ತದೆ. ಯಂತ್ರವು ಟಿಕ್ ಟಿಕ್ ಎಂದು ಸದ್ದುಮಾಡುತ್ತ ಏಳಲು ಯತ್ನಿಸಿ ಸೋಲುತ್ತಿದ್ದರೆ, ಆಚೆಯ ಮಗ್ಗುಲಿನಲ್ಲಿ ಯಾವುದೋ ಭಾಗವು ಶಾರ್ಟಾಗಿ ಭಾರವನ್ನು ಹೇರುತ್ತಿರಬಹುದು, ಅಥವಾ ಅಲ್ಲಿಯ ಡಬ್ಬಿಗಳೇ ಒಣಗಿರಬಹುದು. ತಲೆ ಉಬ್ಬಿದ, ಬುಡದಲ್ಲಿ ದ್ರವ ಸೋರಿದ, ಮೀನಿನಂತಹ ವಾಸನೆ ಬೀರುವ ಡಬ್ಬಿಯನ್ನು ಕಣ್ಣುಮೂಗುಗಳೇ ಹಿಡಿದುಕೊಡುತ್ತವೆ. ಆದರೆ ಹೊರಗೆ ಚೆನ್ನಾಗಿ ಕಾಣುವ ಡಬ್ಬಿಯೂ ಒಳಗೆ ಒಣಗಿರುವುದುಂಟು. ಅದನ್ನು ಕಂಡುಹಿಡಿಯಲು ಡಬ್ಬಿಯ ಒಳಗಿನ ತಡೆಯನ್ನು ಅಳೆಯುವ 'ಇ.ಎಸ್.ಆರ್.' ಮೀಟರೆಂಬ ಬೇರೊಂದು ಸಾಧನವಿದೆ.

ಗೃಹಸ್ಥರು ಇಲ್ಲಿ ಒಂದು ಮಾತನ್ನು ಕೇಳಿಕೊಳ್ಳಬೇಕು: "ಒಂದನ್ನೇ ಹಾಕಬೇಡಪ್ಪ, ಪವರ್ ಸಪ್ಲೈಯಲ್ಲಿರುವ ಇಂತಹ ಚಿಕ್ಕ ಡಬ್ಬಿಗಳನ್ನೆಲ್ಲ ಬದಲಾಯಿಸಿಬಿಡು." ಅವೆಲ್ಲವೂ ಒಂದೇ ವಯಸ್ಸಿನವು, ಒಂದೇ ಬಿಸಿಯಲ್ಲಿ ಬೆಂದವು. ಇದರಲ್ಲಿ ಮುಖ್ಯವಾದ ಇನ್ನೊಂದು ಕಾರಣವೂ ಅಡಗಿದೆ. ಕೆಲವು ಯಂತ್ರಗಳಲ್ಲಿ ಒತ್ತಡವನ್ನು ಹದದಲ್ಲಿಡುವ ಡಬ್ಬಿಯೇ ಅರ್ಧ ಒಣಗಿದರೆ, 5 ವೋಲ್ಟು ಬರಬೇಕಾದಲ್ಲಿ ಅದಕ್ಕಿಂತ ಹೆಚ್ಚು ಬಂದು ಯಂತ್ರದ ಬುದ್ಧಿಯ ಭಾಗವನ್ನೇ ಸುಡಬಹುದು. ಆಗ ದುರಸ್ತಿಗೆ ದಾರಿಯೇ ಇರದು. ಹೊಸ ಡಬ್ಬಿಯು 105 ಡಿಗ್ರಿಯದಾಗಿರಬೇಕು. ಅದರ ಮೈಕ್ರೋಫ್ಯಾರಡ್ ಅಂಕೆಯು ಹಳೆಯದರಷ್ಟೇ ಇರಬೇಕು. ವೋಲ್ಟಿನ ಅಂಕೆಯು ಅಷ್ಟೇ ಅಥವಾ ಹೆಚ್ಚು ಇರಬೇಕು, ಕಡಿಮೆ ಇರಕೂಡದು. ಮೈಮೇಲಿನ ಪಟ್ಟೆಯು ಋಣದ ಕಡೆಯನ್ನು ತೋರಿಸುತ್ತದೆ. ತಿರುಗುಮುರುಗಾಗಿ ಹಾಕಿದರೆ ಡಬ್ಬಿಯು ಸಿಡಿಯಬಹುದು. ಬೆಂಗಳೂರಿನ ಸದರ ಪತ್ರಪ್ಪ ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ಇವು ಕೆಲವೇ ರೂಪಾಯಿಗಳಿಗೆ ದೊರೆಯುತ್ತವೆ. ಬೆಲೆಯಿರುವುದು ಡಬ್ಬಿಗಲ್ಲ, ಯಾವುದನ್ನು ಬದಲಾಯಿಸಬೇಕೆಂಬ ತಿಳಿವಳಿಕೆಗೆ.

ಭಾರವಾದ ಟ್ರಾನ್ಸ್‌ಫಾರ್ಮರಿನ ಹಳೆಯ ಬಗೆಯಲ್ಲಿ ಹುಡುಕಾಟವು ಇನ್ನೂ ಸುಲಭ. ಅಲ್ಲಿ ಫ್ಯೂಸುಗಳು ಒಂದಕ್ಕಿಂತ ಹೆಚ್ಚು ಇರುವುದುಂಟು. ಒತ್ತಡವನ್ನು ಹದಮಾಡುವ ಭಾಗವು ಸುಟ್ಟಿರಬಹುದು. ಬಿಸಿಯಾಗುವ ಕಾಲುಗಳ ಸುತ್ತ ಬೆಸುಗೆಯು ಉಂಗುರದಂತೆ ಬಿರುಕುಬಿಟ್ಟಿರಬಹುದು. ಇಂತಹ ಬಿರುಕಿಗೆ ಹೊಸ ಬೆಸುಗೆಯ ಒಂದು ಹನಿ ಸಾಕು.

ಇನ್ನು ಒಳಗೆ ಸಿಕ್ಕಿಕೊಂಡ ಟೇಪಿನ ವಿಷಯ. ಅರ್ಧ ಅಂಗುಲ ಅಗಲದ ಆ ಪಟ್ಟಿಯನ್ನು ಯಂತ್ರವು ಕ್ಯಾಸೆಟ್ಟಿನಿಂದ ಹೊರಕ್ಕೆ ಎಳೆದು, 62 ಮಿಲಿಮೀಟರು ಅಡ್ಡಳತೆಯ ಒಂದು ಉರುಳೆಗೆ ಸುತ್ತಿರುತ್ತದೆ. ನಮ್ಮ ದೇಶದ ಬಗೆಯ ಯಂತ್ರದಲ್ಲಿ ಆ ಉರುಳೆಯು ಸೆಕೆಂಡಿಗೆ 25 ಸುತ್ತು ಸುತ್ತುತ್ತದೆ. ಅದರ ಅಂಚಿನಲ್ಲಿರುವ ಸೂಕ್ಷ್ಮವಾದ ತಲೆಗಳೇ ಚಿತ್ರವನ್ನು ಓದುವುವು. ಕ್ಯಾಸೆಟ್ಟನ್ನು ಹೊರಗಿನಿಂದ ಮೀಟಿ ಎಳೆದರೆ ಪಟ್ಟಿಯು ಸುಕ್ಕಾಗುವುದು ಇಲ್ಲವೆ ಹರಿಯುವುದು. ಆ ತಲೆಗಳೂ ಮುರಿಯಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬಂತಾದೀತು. ಪವರ್ ಸಪ್ಲೈ ಎದ್ದೊಡನೆ ಸಾಮಾನ್ಯವಾಗಿ ಯಂತ್ರವೇ ಪಟ್ಟಿಯನ್ನು ಒಳಗೆ ಸುತ್ತಿ ಕ್ಯಾಸೆಟ್ಟನ್ನು ಹೊರಕ್ಕೆ ನೀಡುತ್ತದೆ. ಏಳದೆಯೇ ತೆಗೆಯಬೇಕಾದ ಪ್ರಸಂಗ ಬಂದರೂ, ಬಲ್ಲವನು ಒಳಗಿನ ಮೋಟಾರನ್ನು ಕೈಯಿಂದ ತಿರುಗಿಸಿ ಹಿಂದಕ್ಕೆ ಬಿಡಿಸುತ್ತಾನೆ.

ಯಂತ್ರವು ಎದ್ದ ಸಂತೋಷದಲ್ಲಿ ಬೆಲೆಯುಳ್ಳ ಟೇಪನ್ನು ಕೂಡಲೆ ಹಾಕಕೂಡದು. ಹೋದರೂ ಚಿಂತೆಯಿಲ್ಲದ ಟೇಪೊಂದನ್ನು ಹಾಕಿ ಓಡಿಸಿ, ನಿಲ್ಲಿಸಿ, ಹಿಂದೆಮುಂದೆ ಸುತ್ತಿ, ಹೊರಗೆ ತೆಗೆದು ನೋಡಬೇಕು. ಬೆಲೆಯುಳ್ಳ ಟೇಪಿನ ಕಿಟಕಿಯಲ್ಲಿ ಬಿಳಿಯ ಬೂಷ್ಟು ಕಂಡರೆ ಅದನ್ನು ಶುಚಿಮಾಡಿಸದೆ ಯಂತ್ರಕ್ಕೆ ತೋರಿಸಲೂ ಬಾರದು. ಬೂಷ್ಟು ತಲೆಗಳಿಗೆ ಅಂಟಿ, ಅಲ್ಲಿಂದ ಉಳಿದ ಟೇಪುಗಳಿಗೂ ಹರಡುವುದು. ಎಲ್ಲವೂ ಸರಿಯಾದ ಮೇಲೆ ಮಾಡತಕ್ಕ ಮೊದಲ ಕೆಲಸವು ನೋಡುವುದಲ್ಲ, ನಕಲು ಮಾಡಿಕೊಳ್ಳುವುದು. ಯಂತ್ರದ ಹಿಂದಿರುವ ಚಿತ್ರ ಹಾಗೂ ಧ್ವನಿಯ ತೂತುಗಳಿಂದ ತಂತಿಗಳನ್ನು ತೆಗೆದು, ಈಗ ಸಿಗುವ ಚಿಕ್ಕ ಸಾಧನವೊಂದರ ಮೂಲಕ ಕಂಪ್ಯೂಟರಿಗೆ ಸೇರಿಸಿದರೆ, ಟೇಪು ಓಡುವಷ್ಟು ಹೊತ್ತಿನಲ್ಲಿ ನಕಲು ಸಿದ್ಧವಾಗುತ್ತದೆ. ಆ ನಕಲನ್ನು ಎರಡು ಬೇರೆ ಸ್ಥಳಗಳಲ್ಲಿ ಇಡುವುದು ಕ್ಷೇಮ.

ಮೊದಲು ಹೇಳಿದ ಮನೆಗೆ ಹಿಂದಿರುಗೋಣ. ಮೊದಲನೆಯ ಅಂಗಡಿಯವನು ಯಂತ್ರವನ್ನು ತೆರೆಯದೆಯೇ, "ಇದಕ್ಕೆ ಭಾಗಗಳು ಸಿಗುವುದಿಲ್ಲ, ಗುಜರಿಗೆ ಹಾಕಿ" ಎಂದು ಹೇಳಿ ಕಳುಹಿಸಿದನು. ಯಜಮಾನರು ನಿರಾಶರಾಗದೆ ಹಳೆಯ ರೇಡಿಯೋಗಳನ್ನು ರಿಪೇರಿ ಮಾಡುವ ವಯಸ್ಸಾದವರೊಬ್ಬರನ್ನು ಹುಡುಕಿದರು. ಆತನು ಕೇಳಿದ ಮೊದಲ ಪ್ರಶ್ನೆ, "ರಾಯರೇ, ಇದು ಓಡುತ್ತಿರುವಾಗ ನಿಂತಿತೋ, ಪ್ಲಗ್ಗು ಕಿತ್ತ ಮೇಲೆ ಏಳಲಿಲ್ಲವೋ?" ಎಂಬುದು. ಉತ್ತರವನ್ನು ಕೇಳಿ ಅವನು ತಲೆದೂಗಿದನು. ಮರುದಿನ ಸಂಜೆಗೆ ಹಸಿರು ಅಂಕೆಗಳು ಮತ್ತೆ ಮೂಡಿದುವು. ಯಂತ್ರವು ಒಮ್ಮೆ ಗುರುಗುಟ್ಟಿ ಮದುವೆಯ ಟೇಪನ್ನು ತಾನಾಗಿಯೇ ಹೊರಕ್ಕೆ ನೀಡಿತು. ಬದಲಾಯಿಸಿದುದು ಏಳು ಚಿಕ್ಕ ಡಬ್ಬಿಗಳು.

ನಕಲು ಮುಗಿದ ದಿನ ಮನೆಯವರೆಲ್ಲರೂ ಕುಳಿತು ನೋಡಿದರೆಂದು ಕೇಳಿದ್ದೇವೆ. ಚಿತ್ರವು ಅಲ್ಲಲ್ಲಿ ನಡುಗುತ್ತಿತ್ತು. ಧ್ವನಿ ಮಾತ್ರ ಸ್ಪಷ್ಟವಾಗಿತ್ತು. "ಹೋದ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟಮಾಡಮ್ಮ" ಎಂದಿಷ್ಟನ್ನೇ ಆ ತಾಯಿ ಮಗಳಿಗೆ ಹೇಳಿದ್ದುದು. ಯಜಮಾನರು ಅದನ್ನು ಎರಡನೆಯ ಸಲ ಹಾಕಿಸಿದರಂತೆ.

ವಾಚಕರ ಮನೆಯ ಅಟ್ಟದಲ್ಲಿಯೂ ಇಂತಹ ಯಂತ್ರವೊಂದು ಇರಬಹುದು. ಬಹುಕಾಲ ಮಲಗಿದ್ದುದನ್ನು ಕೆಳಗಿಳಿಸಿದೊಡನೆ ಗೋಡೆಗೆ ಸಿಕ್ಕಿಸುವುದಕ್ಕೆ ಮುಂಚೆ ಬಲ್ಲವರೊಬ್ಬರಿಗೆ ತೋರಿಸುವುದು ಲೇಸು. ಅದು ಏಳದೆಹೋದರೆ ಗುಜರಿಯವನನ್ನು ಕರೆಯುವ ಮುನ್ನ, ಎಂದು, ಯಾವ ಸಂದರ್ಭದಲ್ಲಿ ಮೂಕವಾಯಿತೆಂಬುದನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿರಿ.